ಮಾಲ್ಟನ್ನಿನ ಲೈನ್‌ಮನ್

ಕಿಟ್ಟಣ್ಣ ಫುಟ್‌ಬಾಲ್ ಕೋಚ್ ಆದದ್ದು ಒಂದು ಟ್ಯೂಬ್‌ಲೈಟಿನ ದೆಸೆಯಿಂದ.

ಟೊರೊಂಟೊ ಪಕ್ಕದ ಮಾಲ್ಟನ್ನಿನ ಒಂದು ಸಮುದಾಯ ಭವನದಲ್ಲಿ ಹುಡುಗಿಯರ ಫುಟ್‌ಬಾಲ್ ತಂಡದ ತಂದೆತಾಯಿಯರ ಸಭೆ ನಡೆದಿತ್ತು. ಇಲ್ಲಿಯ ಫುಟ್‌ಬಾಲು ಕಾಲಿನದಲ್ಲ, ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಎಸೆದು ಆಡುವ ಆಟ. ಕಿಟ್ಟಣ್ಣನ ನೆತ್ತಿಯ ಮೇಲೆ ಟ್ಯೂಬ್‌ಲೈಟೊಂದು ಮಿಣುಕುತ್ತಿತ್ತು. ಮಿಣುಕುವ ದೀಪ ಕಂಡರೆ ಕಿಟ್ಟಣ್ಣನಿಗೆ ಲೋಕದ ಬೇರೆ ಯಾವ ಮಾತೂ ಕಿವಿಗೆ ಬೀಳುವುದಿಲ್ಲ. ಹೋದದ್ದು ಚೋಕೋ ಸ್ಟಾರ್ಟರೋ ಎಂದು ಅವನು ಕತ್ತೆತ್ತಿ ಯೋಚಿಸುತ್ತಿದ್ದಾಗ, ಕೋಚ್ ಡೆಲ್‌ರಾಯ್ ಎಂಬ ಜಮೈಕಾ ಮೂಲದ ಆಜಾನುಬಾಹು, "ನಮ್ಮ ಆಫೆನ್ಸಿವ್ ಲೈನಿನ ಸ್ಥಿತಿ ಚೆನ್ನಾಗಿಲ್ಲ. ಇಲ್ಲಿ ಯಾರಾದರೂ ಹಿಂದೆ ಲೈನ್‌ಮನ್ ಆಗಿದ್ದವರು ಇದ್ದೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಕಿಟ್ಟಣ್ಣನ ಕೈ ಅವನ ತಲೆಯ ಅಪ್ಪಣೆಗೆ ಕಾಯದೆ ಮೇಲೆ ಹೋಯಿತು. "ನಾನು. ಹನ್ನೊಂದು ವರ್ಷ."

ಸುಳ್ಳೇನಲ್ಲ. ಕಾರ್ಕಳದ ಹತ್ತಿರ ಬೆಳ್ಮಣ್ಣಿನ ಸುತ್ತಮುತ್ತ ಹನ್ನೊಂದು ವರ್ಷ ಕರೆಂಟಿನ ಕಂಬ ಹತ್ತಿ ಇಳಿದವನು ಅವನು. ಇನ್ನು 'ಆಫೆನ್ಸಿವ್' ಎಂಬ ಪದ. ಅವನು ಕೆಲಸ ಮಾಡುವ ಕಡೆ ಸೂಪರ್‌ವೈಸರು ಹಳಸಿದ ಮೀನಿನ ವಾಸನೆಗೆ ಅದನ್ನು ಬಳಸುತ್ತಿದ್ದ. ಹಾಗಾಗಿ ಆಫೆನ್ಸಿವ್ ಲೈನು ಎಂದರೆ ಕೆಟ್ಟು ಕೆರ ಹಿಡಿದ ಲೈನು ಎಂದು ಕಿಟ್ಟಣ್ಣ ಅರ್ಥ ಮಾಡಿಕೊಂಡ. ಮೈದಾನದ ಫ್ಲಡ್‌ಲೈಟಿಗೆ ಹೋಗುವ ವಯರು ಎಲ್ಲೋ ಸುಟ್ಟಿರಬೇಕು, ಪಾಪ, ಹೆಣ್ಣುಮಕ್ಕಳು ಕತ್ತಲಲ್ಲಿ ಆಡುವುದು ಹೇಗೆ.

ಮುಂದಿನ ಶನಿವಾರ ಅವನು ರಬ್ಬರ್ ಗ್ಲೌಸು, ಟೆಸ್ಟರು, ಕಟಿಂಗ್ ಪ್ಲೇಯರು ಹಿಡಿದುಕೊಂಡು ಮೈದಾನಕ್ಕೆ ಹಾಜರಾದ. ಡೆಲ್‌ರಾಯ್ ಅವನ ಹೆಗಲ ಮೇಲೆ ಕೈ ಹಾಕಿ ಮೈದಾನದ ನಡುವೆ ಕರೆದುಕೊಂಡು ಹೋದ. ಹೆಲ್ಮೆಟ್ ಹಾಕಿದ ಐದು ಹುಡುಗಿಯರು ಒಂದೇ ಸಾಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು.

"ಕಿಟ್, ಇದೇ ನಿನ್ನ ಲೈನು" ಎಂದ ಕೋಚ್. ಆಮೇಲೆ ಎಲ್ಲರಿಗೂ ಕೇಳುವಂತೆ, "ಇವರು ಕಿಟ್. ಹನ್ನೊಂದು ವರ್ಷ ಲೈನ್‌ಮನ್ ಆಗಿದ್ದವರು" ಎಂದ. ಹುಡುಗಿಯರು ಚಪ್ಪಾಳೆ ತಟ್ಟಿದರು. ಎಡತುದಿಯ ಹೆಲ್ಮೆಟ್ಟು ಮಾತ್ರ ತಟ್ಟಲಿಲ್ಲ. ಅದರೊಳಗೆ ಇದ್ದದ್ದು ಅವನ ಮಗಳು ಕ್ಷಮಾ. ಭೂಮಿ ಬಾಯಿ ಬಿಡಲಿ ಎಂದು ಅವಳು ಕಾಯುತ್ತಿದ್ದಳು.

ಈ ಆಟದಲ್ಲಿ ಲೈನ್‌ಮನ್ ಎಂದರೆ ಆ ಸಾಲಿನಲ್ಲಿ ನಿಲ್ಲುವ ಆಟಗಾರ ಎಂದು ಹೊಳೆದಾಗಲೇ ಬಾಯಿ ಬಿಡಬಹುದಿತ್ತು ಕಿಟ್ಟಣ್ಣ. ಬಿಡಲಿಲ್ಲ. ಅದಕ್ಕೆ ಕಾರಣ ಆ ಚಪ್ಪಾಳೆ. ಹೊಟ್ಟೆಯಲ್ಲಿ ಮಗುವಿದ್ದ ಹೆಂಡತಿ ಪ್ರಫುಲ್ಲಾಳನ್ನು ಕರೆದುಕೊಂಡು ಅವನು ಕೆನಡಾಕ್ಕೆ ಬಂದಾಗ, ಇಲ್ಲಿ ಕಂಬ ಹತ್ತಬೇಕಾದರೆ ಅ ಆ ಇ ಈಯಿಂದ ಮತ್ತೆ ಕಲಿಯಬೇಕು, ಮೀಸೆ ಚಿಗುರದ ಹುಡುಗರ ಜೊತೆ ವರ್ಷಗಟ್ಟಲೆ ಏಣಿ ಹೊರಬೇಕು ಎಂದು ತಿಳಿಯಿತು. ಸದ್ಯಕ್ಕೆ ಎಂದುಕೊಂಡು ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ಟ್ರಾಲಿ ತುಂಬುವ ಕೆಲಸಕ್ಕೆ ಸೇರಿದ. ಆ ಸದ್ಯಕ್ಕೆ ಈಗ ಮಗಳಷ್ಟೇ ವಯಸ್ಸು. ಇಷ್ಟು ವರ್ಷಗಳಲ್ಲಿ ಒಬ್ಬನೇ ಒಬ್ಬ ಅವನನ್ನು ಲೈನ್‌ಮನ್ ಎಂದು ಕರೆದಿರಲಿಲ್ಲ. ಈಗ ಒಬ್ಬರು ಕರೆದರು, ಅದೂ ಚಪ್ಪಾಳೆಯ ಜೊತೆ. ಬೇಡ ಎನ್ನಲು ಅವನಿಗೆ ಮನಸ್ಸಾಗಲಿಲ್ಲ.

ಕ್ಷಮಾ ಮನೆಗೆ ಬಂದು ತಾಯಿಯ ಮುಂದೆ ಎಲ್ಲವನ್ನೂ ಹೇಳಿದಳು. ಪ್ರಫುಲ್ಲಾ ನಕ್ಕು ನಕ್ಕು ಒಲೆಯ ಮೇಲಿದ್ದ ಹಾಲು ಉಕ್ಕಿಸಿದಳು. "ಇನ್ನು ಎಂತ ಮಾಡುದು? ಅಪ್ಪನಿಗೆ ನೀನೇ ಕಲಿಸು. ಮರ್ಯಾದೆ ಹೋದ್ರೆ ಮನೆಯದ್ದೇ ಹೋಗುದಲ್ವಾ" ಎಂದಳು.

ಹಾಗೆ ಊಟದ ಮೇಜಿನ ಮೇಲೆ ಪಾಠ ಶುರುವಾಯಿತು. ಐದು ಸ್ಟೀಲ್ ಲೋಟಗಳು ಸಾಲಾಗಿ ಲೈನು. ಅವುಗಳ ಹಿಂದೆ ಉಪ್ಪಿನಕಾಯಿ ಬಾಟಲಿ, ಅದು ಮಿಕೇಲಾ, ಅಂದರೆ ಚೆಂಡು ಎಸೆಯುವ ಹುಡುಗಿ. ಎದುರಿನಿಂದ ನುಗ್ಗಿ ಬರುವ ಸೌಟುಗಳು ಶತ್ರುಪಕ್ಷ. ಸೌಟು ಬಾಟಲಿಯನ್ನು ಮುಟ್ಟದಂತೆ ಲೋಟಗಳು ತಡೆಯಬೇಕು, ಅಷ್ಟೇ ಆಟ.

ಇಲ್ಲಿಯೇ ಹುಟ್ಟಿದ ಕ್ಷಮಾಳಿಗೆ ಮನೆಯ ಮಾತು ಅರ್ಥವಾದರೂ ಉತ್ತರ ಬರುವುದು ಇಂಗ್ಲಿಷಿನಲ್ಲಿ. ತುದಿಯ ಲೋಟ ತೋರಿಸಿ ಹೇಳಿದಳು: "ಇದು ನಾನು. ಲೆಫ್ಟ್ ಟ್ಯಾಕಲ್. ಮಿಕೇಲಾ ಬಲಗೈಯಲ್ಲಿ ಎಸೆಯುವಾಗ ಅವಳ ಬೆನ್ನು ಈ ಕಡೆ ಇರುತ್ತದೆ. ಇಲ್ಲಿಂದ ಯಾರು ಬಂದರೂ ಅವಳಿಗೆ ಕಾಣುವುದಿಲ್ಲ. ನಾನು ತಡೆಯಬೇಕು."

"ಬಾಲು ಯಾವಾಗ ನಿನ್ನ ಕೈಗೆ ಬರ್ತದೆ?"

"ಬರುವುದಿಲ್ಲ."

"ಇಡೀ ಆಟದಲ್ಲಿ?"

"ಇಡೀ ಜನ್ಮದಲ್ಲಿ."

"ಮತ್ತೆ ನಿನ್ನ ಹೆಸರು ಮೈಕಿನಲ್ಲಿ ಯಾವಾಗ ಹೇಳ್ತಾರೆ?"

"ತಪ್ಪು ಮಾಡಿದರೆ."

ಕಿಟ್ಟಣ್ಣ ಲೋಟವನ್ನು ಕೈಗೆತ್ತಿಕೊಂಡು ನೋಡಿದ. "ಅಲ್ಲ ಮಾರಾಯ್ತಿ, ಇದು ನಮ್ಮದೇ ಡಿಪಾರ್ಟ್‌ಮೆಂಟು. ಕರೆಂಟು ಇರುವಾಗ ಲೈನ್‌ಮನ್‌ನ ಹೆಸರು ಯಾರಿಗೂ ಗೊತ್ತಿಲ್ಲ. ಹೋಯ್ತು ಅಂದ್ರೆ ಅವನ ಅಪ್ಪ ಅಜ್ಜನ ಹೆಸರೂ ಬಾಯಿಗೆ ಬರ್ತದೆ."

ಕ್ಷಮಾ ನಕ್ಕಳು. ಅವಳು ನಗುವುದು ಅಪರೂಪವಾಗಿದ್ದ ದಿನಗಳವು. ಅವಳದು ಎತ್ತರಕ್ಕೆ ತಕ್ಕ ಅಗಲ ಇರುವ ಮೈಕಟ್ಟು, ಕಿಟ್ಟಣ್ಣನ ತಾಯಿಯದ್ದೇ ಅಚ್ಚು. ಬೆಳ್ಮಣ್ಣಿನಲ್ಲಿ ಆ ಅಜ್ಜಿಯನ್ನು ಗಟ್ಟಿಗಿತ್ತಿ ಎನ್ನುತ್ತಿದ್ದರು. ಟೊರೊಂಟೊ ಕಡೆಯ ನಮ್ಮ ಜನ ಮೊಮ್ಮಗಳಿಗೆ ಡಯಟ್ಟು ಹೇಳಿಕೊಟ್ಟರು. ಕನ್ನಡ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ ಆಶಾಲತಾ, ಥಾರ್ನ್‌ಹಿಲ್‌ನವರು, ಮಕ್ಕಳ ನೃತ್ಯನಾಟಕದಲ್ಲಿ ಅವಳಿಗೆ ಮರದ ಪಾತ್ರ ಕೊಟ್ಟರು. ಮುಂದಿನ ವರ್ಷವೂ ಮರ. ಅದರ ಮುಂದಿನ ವರ್ಷ ಬೆಟ್ಟ. ಆಮೇಲೆ ಕ್ಷಮಾ ಸಂಘದ ಕಡೆ ತಲೆ ಹಾಕುವುದನ್ನೇ ಬಿಟ್ಟಳು. ಅವಳ ಮೈಯನ್ನು ನೋಡಿ ಒಬ್ಬ ಮನುಷ್ಯ ಮೊದಲ ಬಾರಿಗೆ "ಭೇಷ್" ಎಂದದ್ದು ಈ ಡೆಲ್‌ರಾಯ್. ಆವತ್ತು ಅವಳು ಮನೆಗೆ ಬಂದು ಮೂರು ದೋಸೆ ಹೆಚ್ಚಿಗೆ ತಿಂದಿದ್ದಳು.

ಇರಲಿ. ಕಿಟ್ಟಣ್ಣನ ಕೋಚಿಂಗ್ ಹೇಗಿತ್ತು ಎಂದು ಕೇಳಿದರೆ, ಒಂದೇ ಮಾತಿನದಾಗಿತ್ತು. ಕಾಲು ನೆಲ ಬಿಡಬಾರದು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ಮೊದಲ ದಿನವೇ "ಅರ್ತಿಂಗ್! ಅರ್ತಿಂಗ್ ಕೊಡಿ!" ಎಂದು ಕೂಗಿಬಿಟ್ಟಿದ್ದ. ಕರೆಂಟಿನವರ ಭಾಷೆಯಲ್ಲಿ ಅದು ತಂತಿಗೂ ನೆಲಕ್ಕೂ ಸಂಬಂಧ ಕಟ್ಟುವ ಕೆಲಸ. ಹುಡುಗಿಯರು ಅದನ್ನು ಫುಟ್‌ಬಾಲಿನ ಯಾವುದೋ ಹಳೆಯ ವಿದ್ಯೆ ಎಂದು ನಂಬಿದರು. ಮಾಲ್ಟನ್ ಗೀಸ್ ಎಂಬ ಆ ತಂಡದ ಹೆಬ್ಬಾತುಗಳೆಲ್ಲ, ಪಂಜಾಬಿ, ಜಮೈಕನ್, ಗಯಾನಾದವರು, ಚೆಂಡು ಹೊರಡುವ ಮೊದಲು "ಅರ್ತಿಂಗ್" ಎಂದು ಕೂಗಿ ಕಾಲೂರತೊಡಗಿದವು. ಎದುರಾಳಿಗಳಿಗೆ ಇದೇನು ಮಂತ್ರವೋ ಎಂದು ಗಾಬರಿ.

ಸೆಪ್ಟೆಂಬರಿನಲ್ಲಿ ಕ್ಷಮಾಳ ಕಾಲು ಉಳುಕಿತು. ಅವಳ ಜಾಗಕ್ಕೆ ಜಸ್ಕಿರನ್ ಬಂದಳು. ಅದೇ ಬೀದಿಯ ಟ್ರಕ್ ಡ್ರೈವರೊಬ್ಬನ ಮಗಳು, ಉದ್ದನೆಯ ಹುಡುಗಿ, ಗಾಳಿಯಂತೆ ಚುರುಕು. ಒಂದೇ ಐಬು. ಚೆಂಡು ಅಲುಗುವ ಮೊದಲೇ ಎದ್ದು ಹಾರುವಳು. ಆಗ ರೆಫರಿ ಸೀಟಿ ಊದಿ ತಂಡವನ್ನು ಐದು ಗಜ ಹಿಂದೆ ಕಳಿಸುವನು. ಆದರೂ ತಂಡ ಗೆಲ್ಲುತ್ತಾ ಹೋಯಿತು. ಅಕ್ಟೋಬರಿನ ಹೊತ್ತಿಗೆ ಕ್ಷಮಾಳ ಕಾಲು ವಾಸಿಯಾಯಿತು. ತಂಡ ಫೈನಲ್ಲಿಗೂ ಬಂತು, ಪಿಕರಿಂಗ್‌ನವರ ಎದುರು. ಎಡತುದಿಗೆ ಈಗ ಇಬ್ಬರು.

"ಕಿಟ್, ನೀನು ಲೈನ್‌ಮನ್. ಮೊದಲಿಂದ ಆಡುವ ಸ್ಟಾರ್ಟರ್ ಯಾರು ಅಂತ ನೀನೇ ಹೇಳು. ಮಂಗಳವಾರದೊಳಗೆ ಹೆಸರು ಬೇಕು" ಎಂದು ಡೆಲ್‌ರಾಯ್ ಕೈ ತೊಳೆದುಕೊಂಡ.

ಆ ಭಾನುವಾರ ಆಶಾಲತಾ ಅವರ ಥಾರ್ನ್‌ಹಿಲ್ ಮನೆಯಲ್ಲಿ ದೀಪಾವಳಿ ಊಟ. ಮಕ್ಕಳನ್ನೆಲ್ಲ ಪಿಜ್ಜಾ ಕೊಟ್ಟು ಬೇಸ್‌ಮೆಂಟಿಗೆ ಅಟ್ಟಿದ್ದರು. ಒತ್ತಾಯಕ್ಕೆ ಬಂದಿದ್ದ ಕ್ಷಮಾಳೂ ಅಲ್ಲಿಗೆ ಹೋದಳು. ದೊಡ್ಡವರು ಮೇಲೆ ಅಡುಗೆಮನೆಯ ಕಟ್ಟೆಯ ಸುತ್ತ ತಟ್ಟೆ ಹಿಡಿದು ನಿಂತಿದ್ದರು. ಎಡತುದಿಗೆ ಯಾರು ಎಂಬ ವಿಚಾರ ಅದು ಹೇಗೋ ಬಂತು. ಬಂದದ್ದೇ ತಡ, ಒಂದೂ ಪಂದ್ಯ ಪೂರ್ತಿ ನೋಡದ ಮಹನೀಯರೆಲ್ಲ ತಜ್ಞರಾದರು.

"ಅಲ್ರೀ ಕಿಟ್ಟಣ್ಣ, ಕಾಲು ಉಳುಕಿದ ಎತ್ತನ್ನ ಯಾರರ ಬಂಡಿಗೆ ಹೂಡ್ತಾರೇನ್ರೀ?" ಎಂದರು ನಿಜಗುಣ. ಗದಗದ ಕಡೆಯವರು, ಪಿಕರಿಂಗ್‌ನ ಅಣು ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರು. ಎದುರು ತಂಡ ತಮ್ಮ ಊರಿನದು ಎಂಬುದನ್ನು ಅವರು ಜಾಣತನದಿಂದ ಮರೆತಿದ್ದರು.

"ವಾಸಿ ಆಗಿದೆ ಮಾರಾಯ್ರೆ."

"ಆಗೇದಂದ್ರ ಬ್ಯಾರೆ ಮಾತು ಬಿಡ್ರಿ. ಆದ್ರ ಆಗೇದಂತ ಎತ್ತು ಹೇಳ್ತತೇನ್ರೀ?"

ಬೆಂಗಳೂರಿನ ಪ್ರಮೋದ ಹೋಳಿಗೆಯನ್ನು ಮಡಚುತ್ತಾ, "ನೋಡಿ ಸಾರ್, ಇದಕ್ಕೆಲ್ಲಾ ಡೇಟಾ ನೋಡ್ಬೇಕು" ಎಂದ. ಅವನು ಬ್ಯಾಂಕೊಂದರಲ್ಲಿ ಅದನ್ನೇ ನೋಡುವವನು. "ಆ ಪಂಜಾಬಿ ಹುಡುಗಿ ಆಡಿದ್ ಮ್ಯಾಚಲ್ಲಿ ಎಷ್ಟ್ ಗೆದ್ರಿ?"

"ಎಲ್ಲಾ."

"ಕ್ಷಮಾ ಆಡಿದ್ದರಲ್ಲಿ?"

"ಎಲ್ಲಾ."

"ಹಂಗಾದ್ರೆ ಡೇಟಾದಿಂದ ಏನೂ ಗೊತ್ತಾಗಲ್ಲ" ಎಂದು ಪ್ರಮೋದ ಇನ್ನೊಂದು ಹೋಳಿಗೆಗೆ ಕೈ ಹಾಕಿದ.

ಕೊನೆಗೆ ಆಶಾಲತಾ ತುಪ್ಪದ ಚಮಚವನ್ನು ಮೇಲೆತ್ತಿ ಸಭೆಯನ್ನು ಸುಮ್ಮನಾಗಿಸಿದರು. "ಕಿಟ್ಟಣ್ಣ, ನೀವು ಕೋಚು. ಸ್ವಂತ ಮಗಳನ್ನೇ ಹಾಕಿದ್ರೆ ಉಳಿದ ಪೇರೆಂಟ್ಸ್ ಏನಂದ್ಕೋತಾರೆ ಹೇಳಿ? ನನ್ನನ್ನೇ ನೋಡಿ, ಸಂಘದ ನಾಟಕದಲ್ಲಿ ನಮ್ಮ ಸಾನ್ವಿಗೆ ಅಂತ ನಾನು ಯಾವತ್ತೂ ಫೇವರ್ ಮಾಡಿದವಳಲ್ಲ."

ಮರಗಳ ನಡುವೆ ವರ್ಷವೂ ರಾಜಕುಮಾರಿಯಾಗಿ ಕುಣಿದವಳು ಅದೇ ಸಾನ್ವಿ. ಪ್ರಫುಲ್ಲಾಳಿಗೆ ಕೆಮ್ಮು ಬಂತು.

ಎಲ್ಲರೂ ಕಿಟ್ಟಣ್ಣನ ಮುಖ ನೋಡಿದರು. ಆ ಮನೆಯಲ್ಲಿ ಇಂಜಿನಿಯರು, ಬ್ಯಾಂಕಿನವನು, ಕಾರ್ಯದರ್ಶಿ ಎಲ್ಲರೂ ಅವನ ಬಾಯಿಯ ಒಂದು ಮಾತಿಗೆ ಕಾದದ್ದು ಅದೇ ಮೊದಲು. ಅವನಿಗೆ ಎದೆ ಉಬ್ಬಿತು, ಅದರ ಹಿಂದೆಯೇ ಹೆದರಿಕೆಯೂ ಆಯಿತು. ಮಗಳ ಹೆಸರು ಹೇಳಿದರೆ ಈ ಮುಖಗಳೆಲ್ಲ ಹೇಗೆ ತಿರುಗುತ್ತವೆ ಎಂದು ಅವನಿಗೆ ಗೊತ್ತಿತ್ತು.

"ಜಸ್ಕಿರನ್. ನಮ್ಮದು ಸ್ವಲ್ಪ ಭಾರ. ಕಾಲು ತಿರುಗ್ಲಿಕ್ಕೆ ಹೊತ್ತು ಬೇಕು. ಸ್ವಂತ ಮಗಳು ಅಂತ ಸುಳ್ಳು ಹೇಳ್ಲಿಕ್ಕೆ ಆಗ್ತದಾ?"

ಅಡುಗೆಮನೆಯೇ ತಲೆದೂಗಿತು. "ಇಂಥವ್ರು ಬೇಕ್ರೀ" ಎಂದರು ನಿಜಗುಣ. ಆಶಾಲತಾ ಅವನ ತಟ್ಟೆಗೆ ತಾವೇ ತುಪ್ಪ ಸುರಿದರು. ಕಿಟ್ಟಣ್ಣ ಅಲ್ಲಿಯೇ ಫೋನು ತೆಗೆದು ಎಲ್ಲರೂ ನೋಡುವಂತೆ ಡೆಲ್‌ರಾಯ್‌ಗೆ 'ಜಸ್ಕಿರನ್' ಎಂದು ಮೆಸೇಜು ಒತ್ತಿದ. ಪ್ರಫುಲ್ಲಾ ಮಾತ್ರ ಅವನ ಕಾಲಿನ ಹತ್ತಿರ ನೋಡುತ್ತಿದ್ದಳು. ಅಲ್ಲಿ ನೆಲದಲ್ಲಿ ಬಿಸಿಗಾಳಿ ಬರುವ ಜಾಲರಿ ಇತ್ತು. ಈ ದೇಶದ ಮನೆಗಳಲ್ಲಿ ಆ ಜಾಲರಿಯ ಕೊಳವೆ ಬೇಸ್‌ಮೆಂಟಿನಿಂದಲೇ ಬರುವುದು. ಮೇಲೆ ಆಡಿದ ಪಿಸುಮಾತು ಕೂಡ ಕೆಳಗೆ ಸೊಗಸಾಗಿ ಕೇಳುತ್ತದೆ. ಕಿಟ್ಟಣ್ಣ ಪಿಸುಗುಟ್ಟಿರಲೂ ಇಲ್ಲ.

ಸಂಜೆ ಹೊರಟಾಗ ಟೋಲಿನ ಹೆದ್ದಾರಿ ತಪ್ಪಿಸಲು ಕಿಟ್ಟಣ್ಣ ಎಂದಿನಂತೆ ಸ್ಟೀಲ್ಸ್ ಅವೆನ್ಯೂ ಹಿಡಿದ. ಆ ರಸ್ತೆಯಲ್ಲಿ ದೇವರು ಕೆಂಪು ದೀಪಗಳನ್ನು ಕೈತಪ್ಪಿ ಸುರಿದಿದ್ದಾನೆ. ಪ್ರತಿಯೊಂದರಲ್ಲೂ ನಿಂತರು. ಜೇನ್ ಸ್ಟ್ರೀಟು ದಾಟಿದ ಮೇಲೆ ಹಿಂದಿನ ಸೀಟಿನಿಂದ ಕ್ಷಮಾಳ ದನಿ ಬಂತು. ಕನ್ನಡದಲ್ಲಿ ಬಂತು. ಅವಳು ತಾನಾಗಿ ಕನ್ನಡ ಆಡುವುದು ವರ್ಷಕ್ಕೆ ಎಲ್ಲೋ ಒಂದೆರಡು ಸಲ.

"ಪಪ್ಪ, ಜಸ್ಕಿರನ್ ನನಗಿಂತ ಬೆಟರ್ ಅಂತ ನಿಮಗೆ ಅನ್ನಿಸ್ತಾ?"

ಕಿಟ್ಟಣ್ಣ ಮುಂದಿನ ಕೆಂಪು ದೀಪಕ್ಕೆ ಬ್ರೇಕು ಒತ್ತಿದ.

"ಅನ್ನಿಸಿದ್ರೆ ಓಕೆ. ಟ್ರೂಲಿ ಓಕೆ. ನಾನು ಬೆಂಚಲ್ಲಿ ಕೂತು ಅವಳಿಗೆ ಕ್ಲಾಪ್ ಮಾಡ್ತೇನೆ. ಅನ್ನಿಸಿತಾ ಹೇಳಿ."

ಹಸಿರು ಬಂತು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಕಿಟ್ಟಣ್ಣ ಗಾಡಿ ಬಿಟ್ಟ, ಬಾಯಿ ಬಿಡಲಿಲ್ಲ.

"ಆಂಟಿ ನನ್ನನ್ನು ಮರ ಮಾಡಿದ್ರು. ಇವತ್ತು ನೀವೂ ಮಾಡಿದ್ರಿ" ಎಂದು ಕ್ಷಮಾ ಕಿಟಕಿಯ ಕಡೆ ತಿರುಗಿದಳು.

ಮಾರನೆಯ ದಿನ ಕೆಲಸದಲ್ಲಿ ಅವನ ಕೈ ಓಡಲಿಲ್ಲ. ಸಸ್ಯಾಹಾರದ ಟ್ರಾಲಿಗೆ ಕೋಳಿ ತುಂಬಿಸಿ, ವಿಮಾನ ಹತ್ತುವ ಮೊದಲು ಸಿಕ್ಕಿಬಿದ್ದು, ಸೂಪರ್‌ವೈಸರಿನ ಬಾಯಿಯಿಂದ ಆಫೆನ್ಸಿವ್ ಎನ್ನಬಹುದಾದ ಹಲವು ಮಾತು ಕೇಳಿದ. ಮಗಳ ಪ್ರಶ್ನೆ ಪ್ರತಿ ಟ್ರಾಲಿಯ ಜೊತೆ ಮತ್ತೆ ಮತ್ತೆ ಬರುತ್ತಿತ್ತು. ಅನ್ನಿಸಿತ್ತಾ?

ಅವನಿಗೆ ಬೆಳ್ಮಣ್ಣಿನ ಚಿಕ್ಕಣ್ಣ ನೆನಪಾದ. ದಪ್ಪ ಹೊಟ್ಟೆಯ ದೆಸೆಯಿಂದ ಕಂಬ ಹತ್ತಲಾಗದ ಆಳು. ಊರಿನವರು ಅವನನ್ನು ಟ್ರಾನ್ಸ್‌ಫಾರ್ಮರ್ ಎಂದೇ ಕರೆಯುತ್ತಿದ್ದರು. ಕಿಟ್ಟಣ್ಣ ಮೇಲೆ ತಂತಿ ಹಿಡಿದಿರುವಾಗ, ಯಾವನೋ ಬಂದು ಸ್ವಿಚ್ಚು ಹಾಕದಂತೆ ಕೆಳಗೆ ಕಾವಲು ನಿಲ್ಲುವುದು ಅವನ ಕೆಲಸ. ಅವನಿಗಿಂತ ಚುರುಕಿನವರು ಇದ್ದರು. ಅವರಲ್ಲೊಬ್ಬ ಚುರುಕಾಗಿ ಚಾ ಕುಡಿಯಲು ಹೋಗಿದ್ದ ದಿನ ಕಿಟ್ಟಣ್ಣನ ತಲೆಗೂದಲು ನೆಟ್ಟಗಾಗಿ ಎರಡು ದಿನ ಹಾಗೇ ಇತ್ತು. ಚಿಕ್ಕಣ್ಣ ಮಾತ್ರ ಮಳೆ ಬಂದರೂ, ನಾಯಿ ಬಂದರೂ, ಸ್ವತಃ ಜೂನಿಯರ್ ಇಂಜಿನಿಯರು ಬಂದು ಬೈದರೂ ನಿಂತ ಜಾಗದಿಂದ ಕದಲುತ್ತಿರಲಿಲ್ಲ. ಕಾಣದ ಬೆನ್ನಿಗೆ ಕಿಟ್ಟಣ್ಣ ಅವನನ್ನೇ ನಂಬಿದ್ದ.

ಆ ಉಪ್ಪಿನಕಾಯಿ ಬಾಟಲಿ ತಾನಾಗಿದ್ದರೆ ಎಡಗಡೆಗೆ ಯಾರು ಬೇಕಿತ್ತು? ಈ ಪ್ರಶ್ನೆಗೆ ಅವನು ಯೋಚಿಸಬೇಕಾಗಲಿಲ್ಲ. ಹಾಗಾದರೆ ನಿನ್ನೆ ತುಪ್ಪ ತಿಂದುಕೊಂಡು ಹೇಳಿದ್ದು ಅಪ್ಪಟ ಸುಳ್ಳು. ನಾಲ್ಕು ಜನ ಒಳ್ಳೆಯವನು ಎನ್ನಲಿ ಎಂದು ಮಗಳನ್ನು ಬಿಟ್ಟುಕೊಟ್ಟಿದ್ದ. ಕಿಟ್ಟಣ್ಣನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಆದರೆ ಮೆಸೇಜು ಹೋಗಿಯಾಗಿತ್ತು. ಡೆಲ್‌ರಾಯ್ ಅದನ್ನು ಒಪ್ಪಲು ಇದ್ದ ಕಾರಣ ಒಂದೇ, ಕಿಟ್ ಹನ್ನೊಂದು ವರ್ಷದ ಲೈನ್‌ಮನ್. ಅನುಭವಸ್ಥನ ಮಾತು ತಪ್ಪು ಎಂದು ತೋರಿಸಬೇಕಾದರೆ ಅನುಭವವೇ ಇಲ್ಲ ಎನ್ನಬೇಕು. ಹಾಗೆಂದರೆ ಕೋಚಿನ ಸೀಟಿ ಹೋಗುತ್ತದೆ, ಟೋಪಿ ಹೋಗುತ್ತದೆ, ಹುಡುಗಿಯರು ಹಲೋ ಕೋಚ್ ಎನ್ನುವುದೂ ಹೋಗುತ್ತದೆ. ಅವನು ಮಂಗಳವಾರದವರೆಗೂ ಇದನ್ನು ತಿರುವಿ ಮುರುವಿ ನೋಡಿದ. ಯಾವ ಕಡೆಯಿಂದ ನೋಡಿದರೂ ಟೋಪಿ ಉಳಿಯುವ ದಾರಿ ಕಾಣಲಿಲ್ಲ.

ಮಂಗಳವಾರ ಅಭ್ಯಾಸದ ಹೊತ್ತಿಗೆ ಹುಡುಗಿಯರೆಲ್ಲ ಹುಲ್ಲಿನ ಮೇಲೆ ಕೂತು ಶೂ ಕಟ್ಟಿಕೊಳ್ಳುತ್ತಿದ್ದರು. ಕಿಟ್ಟಣ್ಣ ನೇರ ಡೆಲ್‌ರಾಯ್ ಎದುರಿಗೆ ಹೋಗಿ ನಿಂತ. ಅವನ ಇಂಗ್ಲಿಷ್ ಅವಸರದಲ್ಲಿ ಇನ್ನಷ್ಟು ಮುರಿಯಿತು.

"ಕೋಚ್, ನನ್ನ ಮೆಸೇಜು ಕ್ಯಾನ್ಸಲ್. ನಾನು ಲೈನ್‌ಮನ್ ಅಲ್ಲ. ಅಂದರೆ ಲೈನ್‌ಮನ್ನೇ. ಆದರೆ ಆ ಲೈನು." ಮೈದಾನದ ಆಚೆ ಸಾಲಾಗಿ ನಿಂತಿದ್ದ ಕರೆಂಟಿನ ದೊಡ್ಡ ಟವರುಗಳ ಕಡೆ ಕೈ ತೋರಿಸಿದ. "ಈ ಆಟ ನಾನು ಹುಟ್ಟಿದಲಾಗಾಯ್ತು ಆಡಿಲ್ಲ."

ಡೆಲ್‌ರಾಯ್ ಟವರು ನೋಡಿದ, ಕಿಟ್ಟಣ್ಣನನ್ನು ನೋಡಿದ. "ಕಿಟ್, ಮೊದಲ ದಿನ ನೀನು ರಬ್ಬರ್ ಗ್ಲೌಸು, ಟೆಸ್ಟರು ತಂದಿದ್ದೆ. ನನಗೇನು ಕಣ್ಣಿಲ್ಲವಾ?"

"ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತು. ಮಿಕೇಲಾಳ ಮಾವ ಇಲೆಕ್ಟ್ರೀಷಿಯನ್. ಅರ್ತಿಂಗ್ ಅಂದರೆ ಏನು ಅಂತ ಅವನು ಜೂನ್‌ನಲ್ಲೇ ಹೇಳಿದ."

ಹುಡುಗಿಯರು ಹಲ್ಲು ಬಿಟ್ಟರು. ಕಿಟ್ಟಣ್ಣನ ಕಿವಿ ಬಿಸಿಯಾಯಿತು. ಇಡೀ ಬೇಸಗೆ ಸ್ಟೀಲ್ ಲೋಟ ಮುಂದಿಟ್ಟುಕೊಂಡು ಕಾಪಾಡಿದ ಗುಟ್ಟು ಅದು.

"ಮತ್ತೆ ನನ್ನನ್ನು ಯಾಕೆ ಇಟ್ಟುಕೊಂಡದ್ದು?"

"ಬಿಟ್ಟಿ ಬರುತ್ತೀಯ, ಅದೊಂದು. ಇನ್ನೊಂದು, ಬೇರೆ ಅಪ್ಪಂದಿರೆಲ್ಲ ಚೆಂಡು ನೋಡುತ್ತಾರೆ. ನೀನು ಈ ಐದು ಜನರನ್ನು ಬಿಟ್ಟು ಏನನ್ನೂ ನೋಡುವುದಿಲ್ಲ. ಚೆಂಡು ಎಲ್ಲಿದೆ ಅಂತ ಒಂದು ದಿನವೂ ನಿನಗೆ ಗೊತ್ತಿರಲಿಲ್ಲ. ಅದಕ್ಕೇ ನಿನ್ನನ್ನು ಕೇಳಿದ್ದು, ಹನ್ನೊಂದು ವರ್ಷಕ್ಕಲ್ಲ." ಡೆಲ್‌ರಾಯ್ ಕೈ ಕಟ್ಟಿ ನಿಂತ. "ಈಗ ಮತ್ತೆ ಕೇಳುತ್ತೇನೆ. ಮಿಕೇಲಾಳ ಬೆನ್ನಿಗೆ ಯಾರು?"

ಮರೆಯಾಗಿ ನಿಲ್ಲಲು ಈಗ ಕಿಟ್ಟಣ್ಣನಿಗೆ ಏನೂ ಉಳಿದಿರಲಿಲ್ಲ. ಅನುಭವ ಇಲ್ಲ, ನಿಷ್ಪಕ್ಷಪಾತ ಎಂಬ ವೇಷವೂ ಇಲ್ಲ. ಜಸ್ಕಿರನ್ ಅವನನ್ನೇ ನೋಡುತ್ತಿದ್ದಳು. ಕ್ಷಮಾ ತಲೆ ತಗ್ಗಿಸಿ, ಆಗಲೇ ಕಟ್ಟಿದ್ದ ಲೇಸನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

"ಕ್ಷಮಾ" ಎಂದ ಕಿಟ್ಟಣ್ಣ, ಜೋರಾಗಿಯೇ.

"ಯಾಕೆ? ನಿನ್ನ ಮಗಳು ಅಂತಲಾ?"

"ಮಗಳು ಹೌದು. ಅದಕ್ಕೆ ನಾನು ಎಂತ ಮಾಡ್ಲಿ? ಅವಳು ನಿಂತ ಜಾಗ ಬಿಡುವುದಿಲ್ಲ. ಜಸ್ಕಿರನ್ ನನ್ನ ಮಗಳಾಗಿದ್ದರೂ ನಾನು ಇವಳನ್ನೇ ಹೇಳ್ತಿದ್ದೆ."

ಜಸ್ಕಿರನ್ ಎದ್ದು ನೀರಿನ ಬಾಟಲಿಯನ್ನು ಒದ್ದಳು. ಅದು ದೂರ ಹೋಗಿ ಬಿತ್ತು. ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದು, ಆಮೇಲೆ ತಾನೇ ಹೋಗಿ ಹೆಕ್ಕಿಕೊಂಡು ಬಂದಳು. "ಸರಿ ಅಂಕಲ್, ನಾನು ಬೇಗ ಹಾರ್ತೀನಿ, ಗೊತ್ತು" ಎಂದಳು. ಕೋಪವೇನೂ ಇಳಿದಿರಲಿಲ್ಲ.

ಕಿಟ್ಟಣ್ಣ ಮಗಳ ಪಕ್ಕ ಹುಲ್ಲಿನಲ್ಲಿ ಕೂತ. ಸುತ್ತಲಿನವರಿಗೆ ಕನ್ನಡ ಬಾರದಿದ್ದುದು ಅನುಕೂಲವೇ ಆಯಿತು. "ಮೊನ್ನೆ ಹೇಳಿದ್ದು ಸುಳ್ಳು ಮಗಾ. ನಾಲ್ಕು ಜನ ಹೊಗಳ್ಲಿ ಅಂತ ಹೇಳಿದ್ದು. ತಪ್ಪಾಯ್ತು."

ಕ್ಷಮಾ ಲೇಸಿನ ಗಂಟು ಎಳೆದಳು. "ಭಾರ ಅಂದದ್ದು?"

"ಭಾರ ಹೌದು. ಅದಕ್ಕೇ ಹಾಕಿದ್ದು."

ಅವಳು ನಗಬಾರದೆಂದು ತುಟಿ ಕಚ್ಚಿದಳು. ಮೂಗಿನಿಂದ ನಗು ಬಂದೇಬಿಟ್ಟಿತು.

ಫೈನಲ್ ದಿನ ಪಿಕರಿಂಗ್‌ನಲ್ಲಿ ಸರೋವರದ ಮೇಲಿಂದ ಬೀಸುವ ಗಾಳಿ ಕಿವಿ ಕೊಯ್ಯುತ್ತಿತ್ತು. ಪ್ರಫುಲ್ಲಾ ಕಂಬಳಿ ಹೊದ್ದು, ಸ್ಟೀಲ್ ಡಬ್ಬಿಯಲ್ಲಿ ಗೋಳಿಬಜೆ ಇಟ್ಟುಕೊಂಡು ಕೂತಿದ್ದಳು. ಥಾರ್ನ್‌ಹಿಲ್ ಅಡುಗೆಮನೆಯ ತಜ್ಞರ ಪೈಕಿ ನಿಜಗುಣ ಊರಿನವರೆಂದೂ ಆಶಾಲತಾ ಕುತೂಹಲಕ್ಕೆಂದೂ ಬಂದಿದ್ದರು. ಕ್ಷಮಾ ಎಡತುದಿಗೆ ಹೋಗಿ ಕಾಲೂರಿದಳು. ಐದೂ ಜನ "ಅರ್ತಿಂಗ್" ಎಂದು ಕೂಗಿದಾಗ ನಿಜಗುಣ ಎದ್ದು ನಿಂತು, "ಏ, ಇದು ನಮ್ಮ ಪ್ಲಾಂಟಿನ ಮಾತಲ್ಲೇನ್ರೀ" ಎಂದರು.

ಪಿಕರಿಂಗ್‌ನ ಆ ಕಡೆಯ ಹುಡುಗಿ ಬಾಗಿಲಿನಷ್ಟು ಅಗಲವಿದ್ದಳು. ಮತ್ತೆ ಮತ್ತೆ ನುಗ್ಗಿದಳು. ಕ್ಷಮಾ ಅವಳನ್ನು ಎದೆಕೊಟ್ಟು ತಡೆದಳು, ಜಾರಿದಳು, ಮಂಡಿಯೂರಿ ಎದ್ದು ಮತ್ತೆ ಅಡ್ಡ ನಿಂತಳು. ಎರಡು ಸಲ ತಡವಾಯಿತು, ಎರಡು ಸಲವೂ ಕೂದಲೆಳೆಯಲ್ಲಿ ತಡೆದಳು. ಮಿಕೇಲಾಳ ಬೆನ್ನನ್ನು ಆ ಕಡೆಯಿಂದ ಯಾರೂ ಮುಟ್ಟಲಿಲ್ಲ.

"ಕ್ಷಮಾ ಏನೂ ಮಾಡ್ತಾನೇ ಇಲ್ವಲ್ಲ ಪ್ರಫುಲ್ಲಾ. ಸುಮ್ನೆ ಅಲ್ಲೇ ನಿಂತಿರ್ತಾಳೆ" ಎಂದರು ಆಶಾಲತಾ.

"ಹೌದು. ಅವಳ ಕೆಲಸವೇ ಅದು. ನೀವೇ ಅಲ್ವಾ ಪ್ರಾಕ್ಟೀಸು ಮಾಡಿಸಿದ್ದು" ಎಂದು ಪ್ರಫುಲ್ಲಾ ಅವರ ಕೈಗೆ ಗೋಳಿಬಜೆ ಕೊಟ್ಟಳು.

ಕೊನೆಯ ಆಟಕ್ಕೆ ಮಿಕೇಲಾ ಹಿಂದೆ ಸರಿದು ತೋಳು ಬೀಸಿದಳು. ಜನರೆಲ್ಲ ಎದ್ದರು, ಕತ್ತುಗಳೆಲ್ಲ ಚೆಂಡಿನ ಜೊತೆ ತಿರುಗಿದವು. ಒಂದು ದೊಡ್ಡ ಹೋ ಎದ್ದು, ಅರ್ಧದಲ್ಲಿ ನಿಂತಿತು. ಆಮೇಲೆ ಎದುರುಗಡೆಯ ಜನ ಕುಣಿಯತೊಡಗಿದರು. ಮಾಲ್ಟನ್ನಿನ ಹೆಬ್ಬಾತುಗಳು ಸೋತಿದ್ದವು.

ವಾಪಸು ಬರುವಾಗ ಕ್ಷಮಾ ಮುಂದಿನ ಸೀಟಿನಲ್ಲಿ ಕೂತಳು. ಹಣೆಯವರೆಗೂ ಕೆಸರು. ಹಿಂದೆ ಪ್ರಫುಲ್ಲಾ ಖಾಲಿ ಡಬ್ಬಿ ಅಪ್ಪಿಕೊಂಡು ತೂಕಡಿಸುತ್ತಿದ್ದಳು. ಬಹಳ ದೂರ ಬಂದ ಮೇಲೆ ಕ್ಷಮಾ ಕೇಳಿದಳು, ಈ ಸಲವೂ ಕನ್ನಡದಲ್ಲಿ.

"ಪಪ್ಪ, ಆ ಲಾಸ್ಟ್ ಪಾಸ್. ಕ್ಯಾಚ್ ಮಾಡುವವಳ ಕೈಗೇ ಬಂದಿತ್ತು. ಹೇಗೆ ಡ್ರಾಪ್ ಆಯ್ತು?"

ಕಿಟ್ಟಣ್ಣ ಕನ್ನಡಿ ನೋಡಿದ, ರಸ್ತೆ ನೋಡಿದ. "ಡ್ರಾಪ್ ಆದದ್ದಾ?"

"ನೀವು ನೋಡ್ಲಿಲ್ವಾ?"

"ನಾನು ಬಾಲು ನೋಡ್ಲಿಲ್ಲ ಮಗಾ."

"ಇಡೀ ಗ್ರೌಂಡಲ್ಲಿ ನಾವು ಹೇಗೆ ಸೋತದ್ದು ಅಂತ ಗೊತ್ತಿಲ್ಲದ್ದು ಕೋಚಿಗೆ ಮಾತ್ರ" ಎಂದಳು ಕ್ಷಮಾ. ಶೂ ಬಿಚ್ಚಿ, ಕೆಸರಿನ ಕಾಲನ್ನು ಡ್ಯಾಶ್‌ಬೋರ್ಡಿನ ಮೇಲೆ ಚಾಚಿದಳು. ಬೇರೆ ದಿನವಾಗಿದ್ದರೆ ಅವನು ಬೈಯುತ್ತಿದ್ದ. "ಮತ್ತೆ ಎಂತ ನೋಡಿದ್ರಿ?"

"ಇದನ್ನೇ" ಎಂದು ಕಿಟ್ಟಣ್ಣ ಅವಳ ಕಾಲು ತೋರಿಸಿದ. "ನೆಲ ಬಿಡ್ಲಿಲ್ಲ."